ಬಾಹುಬಲದ ಮೂಲ

ಭೀಮಾನದಿಯ ಸೀಮೆಯ ಎರೆಹೊಲಗಳಲ್ಲಿ ಬಹುಕಾಲದ ವರೆಗೆ ದುಡಿಮೆಯೆಂದರೆ ಎತ್ತಿನ ಹೆಗಲು ಮತ್ತು ಒಕ್ಕಲಿಗನ ರಟ್ಟೆ, ಇವೆರಡೇ ಆಗಿದ್ದವು. ಜೇವರ್ಗಿ ತಾಲೂಕಿನ ಕೊಳಕೂರದಂಥ ಗ್ರಾಮಗಳಿಗೆ ಇಂದು ಟ್ರ್ಯಾಕ್ಟರು ಬಂದಿರುವದು ನಿಜ. ಆದರೂ ಜೋಳದ ಚೀಲವನ್ನು ಬೆನ್ನಿಗೇರಿಸುವವನು ಮನುಷ್ಯನೇ, ಮಳೆಗಾಲದಲ್ಲಿ ಎರೆಯೊಳಗೆ ಹೂತ ಬಂಡಿಯ ಗಾಲಿಗೆ ಹೆಗಲು ಕೊಡುವವನೂ ಮನುಷ್ಯನೇ. ಹಬ್ಬ ಜಾತ್ರೆಗಳಲ್ಲಿ ತರುಣರು ಸಂಗ್ರಾಣಿ ಕಲ್ಲನ್ನೆತ್ತಿ ತಮ್ಮ ಬಲವನ್ನು ಊರ ಮುಂದೆ ತೋರಿಸುವ ವಾಡಿಕೆಯು ಈ ಭಾಗದಲ್ಲಿ ಹಿಂದಿನಿಂದ ಬಂದದ್ದು. ಕಲ್ಲು ನೆಲವನ್ನು ಬಿಟ್ಟೇಳುವಾಗ ಎತ್ತುವವನ ತೋಳಿನ ಮಾಂಸವು ಉಬ್ಬಿ ಗಟ್ಟಿಯಾಗುವದನ್ನು ನೆರೆದವರೆಲ್ಲರೂ ಕಾಣುವರು. ಬೆರಳಿನಿಂದ ಒತ್ತಿದರೆ ತಗ್ಗುವ, ಚಾಕುವಿನಿಂದ ಸುಲಭವಾಗಿ ಕೊಯ್ಯಬಹುದಾದ ಈ ಮೆತ್ತನೆಯ ಮಾಂಸಕ್ಕೆ ಕಲ್ಲನ್ನೆತ್ತುವ ಕಸುವು ಎಲ್ಲಿಂದ ಬಂದಿತು?

ಈ ಪ್ರಶ್ನೆಯು ಚಿಕ್ಕ ಮಕ್ಕಳೂ ಕೇಳಬಹುದಾದಷ್ಟು ಸರಳವಾದದ್ದು. ಆದರೂ ಸುಮಾರು ಎರಡು ಸಾವಿರ ವರುಷಗಳ ವರೆಗೆ ಪಂಡಿತರು ಇದಕ್ಕೆ ಕೊಟ್ಟ ಉತ್ತರವು ತಪ್ಪಾಗಿದ್ದಿತು. ಸರಿಯಾದ ಉತ್ತರದ ಸುಳಿವು ದೊರೆತ ಮೇಲೂ ಅದು ಒಮ್ಮೆಯಲ್ಲ, ಎರಡು ಸಾರೆ ಮರೆಯಾಯಿತು. ಕಣ್ಣಾರೆ ಕಂಡ ಸತ್ಯವು ಸಹ ಹೇಗೆ ಕಳೆದುಹೋಗುವದು, ಅದನ್ನು ಮರಳಿ ಪಡೆಯಲು ಎಷ್ಟು ಜನರ ಆಯುಷ್ಯ ಬೇಕಾಗುವದು ಎಂಬದನ್ನು ತಿಳಿಯಲಿಕ್ಕೆ ಈ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಬಲದ ಅಭ್ಯಾಸವು ಕನ್ನಡ ನಾಡಿಗೆ ಹೊಸದಲ್ಲ. ಕೊಳಕೂರದ ಈ ಸೀಮೆಯು ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿದ್ದಿತು. ಆ ವಂಶದ ಆರನೆಯ ವಿಕ್ರಮಾದಿತ್ಯನ ಮಗನೂ, ಕ್ರಿ. ಶ. ೧೧೨೬ರಿಂದ ೧೧೩೮ರ ವರೆಗೆ ಆಳಿದವನೂ ಆದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಗ್ರಂಥದಲ್ಲಿ ರಾಜನೀತಿ, ಅಡಿಗೆ, ಸಂಗೀತ, ಚಿತ್ರ, ಆನೆ, ಕುದುರೆ ಮೊದಲಾದವುಗಳೊಡನೆ ಮಲ್ಲವಿನೋದವೂ ನಾಲ್ಕನೆಯ ವಿಂಶತಿಯಲ್ಲಿ ವರ್ಣಿತವಾಗಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ತರಗತಿಗಳಲ್ಲಿ ವಿಂಗಡಿಸಿದ್ದಾರೆ. ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ಕಂಬವನ್ನು ಹತ್ತಿ ಇಳಿಯುವ ಸ್ತಂಭಶ್ರಮ ಮುಂತಾದ ವ್ಯಾಯಾಮಗಳನ್ನು ಹೇಳಿದ್ದಾರೆ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು ಇವುಗಳಿಂದ ಪುಷ್ಟಿಯಾದ ಆಹಾರವನ್ನು ಅರಮನೆಯಿಂದಲೇ ಕೊಡಿಸಬೇಕೆಂಬ ವಿಧಿಯೂ ಇದೆ. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗವನ್ನಾಡುವ ಜೆಟ್ಟಿಗಳ ಹೆಸರಿನಲ್ಲಿ ಆ 'ಜ್ಯೇಷ್ಠಿ' ಶಬ್ದವೇ ಉಳಿದು ಬಂದಿದೆ.

ಇಷ್ಟನ್ನು ಬಲ್ಲ ಸೋಮೇಶ್ವರನು, ದುಡಿದಷ್ಟು ಮೈ ಬಲಿಯುವದೆಂಬದನ್ನೂ ಬಲ್ಲನು. ಹೇಗೆ ಬಲಿಯುವದು, ಮಡಚಿದ ತೋಳಿನೊಳಗೆ ಏನು ನಡೆಯುವದು ಎಂಬ ಪ್ರಶ್ನೆಯು ಮಲ್ಲವಿನೋದಕ್ಕೆ ಸೇರಿದ್ದಲ್ಲ. ಅದನ್ನು ಕೇಳಬೇಕಾದವರು ದಾರ್ಶನಿಕರು ಮತ್ತು ವೈದ್ಯರು.

ದಾರ್ಶನಿಕರಲ್ಲಿ ವೈಶೇಷಿಕರು ಕರ್ಮವನ್ನು, ಎಂದರೆ ಚಲನೆಯನ್ನು, ಐದು ವಿಧವಾಗಿ ಎಣಿಸಿದರು: ಮೇಲಕ್ಕೆಸೆಯುವ ಉತ್ಕ್ಷೇಪಣ, ಕೆಳಕ್ಕೆಸೆಯುವ ಅವಕ್ಷೇಪಣ, ಮುದುಡುವ ಆಕುಂಚನ, ಚಾಚುವ ಪ್ರಸಾರಣ, ಮತ್ತು ಗಮನ. ಮುದುಡುವಿಕೆಯನ್ನು ಒಂದು ಸ್ವತಂತ್ರ ಕ್ರಿಯೆಯೆಂದು ಗುರುತಿಸಿದ್ದು ಸೂಕ್ಷ್ಮಬುದ್ಧಿಯ ಲಕ್ಷಣವೇ ಸರಿ. ವೈದ್ಯರಲ್ಲಿ ಸುಶ್ರುತನು ದೇಹದೊಳಗಿನ ಪೇಶಿಗಳು ಐದು ನೂರು ಎಂದನು. ಕೈಕಾಲುಗಳಲ್ಲಿ ೪೦೦, ನಡುಮೈಯಲ್ಲಿ ೬೬, ಕುತ್ತಿಗೆಯಿಂದ ಮೇಲೆ ೩೪. ಇಂದು ಕನ್ನಡದಲ್ಲಿ 'ಸ್ನಾಯು' ಎಂದು ಕರೆಯುವದು ಸುಶ್ರುತನ 'ಪೇಶಿ'ಯನ್ನೇ. ಅವನ 'ಸ್ನಾಯು'ಗಳಾದರೋ ಸಂಧಿಗಳನ್ನು ಕಟ್ಟಿ ಹಿಡಿಯುವ ಬಂಧನಗಳು. ಹಲಗೆಗಳನ್ನು ಬಿಗಿದ ನಾವೆಯು ಹೇಗೆ ಭಾರವನ್ನು ತಾಳುವದೋ ಹಾಗೆ ಸ್ನಾಯುಗಳಿಂದ ಬಿಗಿದ ದೇಹವು ಭಾರವನ್ನು ತಾಳುವದೆಂದು ಅವನು ಉಪಮಿಸಿದನು. ಈ ಲೇಖನದಲ್ಲಿ ಗೊಂದಲವಾಗದಂತೆ 'ಪೇಶಿ' ಎಂಬ ಶಬ್ದವನ್ನೇ ಬಳಸಲಾಗಿದೆ. ಆಧುನಿಕರ ಗಣನೆಯಲ್ಲಿ ಪೇಶಿಗಳು ಆರು ನೂರಕ್ಕೂ ಮೇಲ್ಪಟ್ಟಿವೆ. ಎಣಿಕೆಯ ಕ್ರಮವು ಬೇರೆಯಾದದ್ದರಿಂದ ಈ ವ್ಯತ್ಯಾಸವನ್ನು ದೊಡ್ಡದು ಮಾಡಬೇಕಾದ್ದಿಲ್ಲ.

ದೊಡ್ಡದೆಂದು ತಿಳಿಯಬೇಕಾದದ್ದು ಸುಶ್ರುತನ ರೀತಿಯನ್ನು. ಶಸ್ತ್ರವೈದ್ಯನಾಗಬೇಕೆನ್ನುವವನು ಅಂಗಸಂಪೂರ್ಣವಾದ, ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ ಮನುಷ್ಯನ ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಬೇಕು. ಆಮೇಲೆ ಅದನ್ನು ಹೊರತೆಗೆದು ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಒಳಗಿನ ಒಂದೊಂದು ಅಂಗವನ್ನೂ ಕಣ್ಣಿನಿಂದ ನೋಡಬೇಕು. ಪ್ರತ್ಯಕ್ಷವಾಗಿ ಕಂಡದ್ದು ಮತ್ತು ಶಾಸ್ತ್ರದಿಂದ ತಿಳಿದದ್ದು, ಇವೆರಡೂ ಕೂಡಿದಾಗಲೇ ಜ್ಞಾನವು ಬೆಳೆಯುವದೆಂದು ಅವನ ಸ್ಪಷ್ಟವಾದ ಅಭಿಪ್ರಾಯ. ಆದರೆ ಕಾಲಾಂತರದಲ್ಲಿ ಶವವನ್ನು ಮುಟ್ಟುವದು ಮೈಲಿಗೆಯೆಂಬ ಭಾವನೆಯು ಬಲಿತು, ಪಾಠಶಾಲೆಗಳಲ್ಲಿ ಐದು ನೂರು ಪೇಶಿಗಳ ಲೆಕ್ಕವು ಬಾಯಿಪಾಠವಾಗಿ ಉಳಿಯಿತು; ಅವುಗಳನ್ನು ಕಾಣಿಸುವ ಕುಂಚವು ಕೈಬಿಟ್ಟುಹೋಯಿತು. ಪೇಶಿಯು ಏಕೆ ಮುದುಡುವದೆಂದು ಕೇಳಿದರೆ ವ್ಯಾನವಾಯುವಿನ ಪ್ರೇರಣೆಯೆಂಬ ಉತ್ತರದಿಂದ ಶಿಷ್ಯರು ತೃಪ್ತರಾದರು.

ಆಶ್ಚರ್ಯವೇನೆಂದರೆ ಗ್ರೀಕರೂ ಇದಕ್ಕೆ ವಾಯುವನ್ನೇ ಕಾರಣವಾಗಿ ಹೇಳಿದರು. ಕ್ರಿ. ಪೂ. ಮೂರನೆಯ ಶತಮಾನದ ಎರಾಸಿಸ್ಟ್ರಾಟಸನೆಂಬ ವೈದ್ಯನು, ನರಗಳ ಮೂಲಕ ಒಂದು ಸೂಕ್ಷ್ಮ ವಾಯುವು ಹರಿದುಬಂದು ಪೇಶಿಯನ್ನು ತಿದಿಯಂತೆ ಉಬ್ಬಿಸುವದು, ಅಡ್ಡಕ್ಕೆ ಉಬ್ಬಿದ್ದರಿಂದ ಅದು ಉದ್ದದಲ್ಲಿ ಗಿಡ್ಡಾಗುವದು ಎಂದನು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಪರ್ಗಮಮ್ ಎಂಬ ಪಟ್ಟಣದಲ್ಲಿ ಕತ್ತಿಮಲ್ಲರ ವೈದ್ಯನಾಗಿದ್ದ ಗೇಲನನು ಪ್ರಾಣಿಗಳ ಬೆನ್ನುಹುರಿಯನ್ನು ಕೊಯ್ದು, ಕೊಯ್ದ ಸ್ಥಳದ ಕೆಳಗಿನ ಅಂಗಗಳು ಚಲನೆಯನ್ನು ಕಳೆದುಕೊಳ್ಳುವದನ್ನು ತೋರಿಸಿದನು. ಮಿದುಳಿನ ಆಜ್ಞೆಯು ನರಗಳ ದ್ವಾರಾ ಬರುವದೆಂಬದು ಇದರಿಂದ ಸಿದ್ಧವಾಯಿತು. ಆದರೆ ಬರುವದು ವಾಯುವೆಂಬ ನಂಬಿಗೆಯು ಮಾತ್ರ ಹಾಗೆಯೇ ನಿಂತಿತು. ತೋಳು ಉಬ್ಬುವದು ಎಲ್ಲರ ಕಣ್ಣಿಗೂ ಕಾಣುವದಾದ್ದರಿಂದ ಈ ಸಿದ್ಧಾಂತವನ್ನು ಸಂಶಯಿಸುವ ಕಾರಣವೇ ಯಾರಿಗೂ ತೋರಲಿಲ್ಲ.

ಸಂಶಯಿಸಿದವನು ಹಾಲೆಂಡ ದೇಶದ ಯಾನ್ ಸ್ವಾಮ್ಮರ್‌ಡಾಮ್. ೧೬೬೦ರ ಸುಮಾರಿನ ದಶಕದಲ್ಲಿ ಅವನು ಮಾಡಿದ ಪ್ರಯೋಗವು ಇಂದಿಗೂ ಮೆಚ್ಚತಕ್ಕದ್ದಾಗಿದೆ. ಕಪ್ಪೆಯ ತೊಡೆಯ ಪೇಶಿಯೊಂದನ್ನು ಅದರ ನರದೊಡನೆ ಬಿಡಿಸಿ, ಗಾಜಿನ ಕೊಳವೆಯಲ್ಲಿಟ್ಟು, ಕೊಳವೆಯ ಸಣ್ಣ ಬಾಯಿಯಲ್ಲಿ ಒಂದು ಹನಿ ನೀರನ್ನು ನಿಲ್ಲಿಸಿದನು. ಪೇಶಿಯೊಳಕ್ಕೆ ವಾಯುವು ಬಂದು ತುಂಬುವದಾದರೆ ಅದರ ಗಾತ್ರವು ಹೆಚ್ಚಬೇಕು. ಗಾತ್ರವು ಹೆಚ್ಚಿದರೆ ಕೊಳವೆಯೊಳಗಿನ ಗಾಳಿಯು ಒತ್ತಲ್ಪಟ್ಟು ನೀರಿನ ಹನಿಯು ಮೇಲೇರಬೇಕು. ಅವನು ತಂತಿಯಿಂದ ನರವನ್ನು ಕೆಣಕಿದನು. ಪೇಶಿಯು ಮುದುಡಿತು, ಹನಿಯು ಏರಲಿಲ್ಲ. ಹೊರಗಿನಿಂದ ಏನೂ ಬಂದು ತುಂಬುವದಿಲ್ಲ, ಉದ್ದದಲ್ಲಿ ಕಡಿಮೆಯಾದದ್ದೇ ಅಡ್ಡಳತೆಯಲ್ಲಿ ಹೆಚ್ಚುವದು ಎಂಬದು ಒಂದು ಹನಿ ನೀರಿನಿಂದ ಸ್ಥಾಪಿತವಾಯಿತು. ಆದರೆ ಸ್ವಾಮ್ಮರ್‌ಡಾಮನು ೧೬೮೦ರಲ್ಲಿ ತೀರಿಕೊಂಡನು, ಅವನ ಬರಹಗಳು ಅಚ್ಚಾದದ್ದು ೧೭೩೭–೩೮ರಲ್ಲಿ. ಆ ನಡುವಿನ ಅರ್ಧಶತಮಾನಕ್ಕೂ ಮಿಕ್ಕಿದ ಕಾಲ ಈ ಪ್ರಯೋಗವು ಕಾಗದಪತ್ರಗಳ ಕಟ್ಟಿನಲ್ಲಿ ನಿದ್ರಿಸಿತು. ಇದು ಮೊದಲನೆಯ ಮರವೆ.

ಅದೇ ಕಾಲದಲ್ಲಿ ಇಟಲಿಯ ಬೊರೆಲ್ಲಿಯು ದೇಹವನ್ನು ಸನ್ನೆಗೋಲುಗಳ ಯಂತ್ರವೆಂದು ಭಾವಿಸಿ ಲೆಕ್ಕ ಹಾಕಿದನು. ಅವನ ಗ್ರಂಥವು ೧೬೮೦–೮೧ರಲ್ಲಿ, ಅವನು ತೀರಿಕೊಂಡ ತರುವಾಯ, ಪ್ರಕಟವಾಯಿತು. ರಟ್ಟೆಯ ಪೇಶಿಯು ಮೊಣಕೈಯ ಕೀಲಿಗೆ ಎರಡು ಮೂರು ಬೆರಳಿನಷ್ಟು ಹತ್ತಿರದಲ್ಲಿ ಎಲುಬಿಗೆ ಅಂಟಿಕೊಂಡಿರುವದು. ಭಾರವಾದರೋ ಒಂದು ಮೊಳ ದೂರದಲ್ಲಿ ಅಂಗೈಯಲ್ಲಿರುವದು. ಆದಕಾರಣ ಅಂಗೈಯಲ್ಲಿ ಹತ್ತು ಕಿಲೋ ಭಾರವನ್ನು ಹಿಡಿದು ನಿಲ್ಲಲು ಪೇಶಿಯು ಎಪ್ಪತ್ತು ಎಂಬತ್ತು ಕಿಲೋದಷ್ಟು ಜಗ್ಗಬೇಕಾಗುವದು. ಬೊರೆಲ್ಲಿಗಿಂತ ಮೊದಲು ಪೇಶಿಯ ಬಲವು ಇಷ್ಟು ದೊಡ್ಡದೆಂದು ಲೆಕ್ಕದಿಂದ ತೋರಿಸಿದವರಿರಲಿಲ್ಲ. ಹೀಗೆ ಪ್ರಶ್ನೆಯು ಇನ್ನಷ್ಟು ಕಠಿಣವಾಯಿತು.

ಇನ್ನು ಮುಂದಿನ ಹೆಜ್ಜೆಯು ಕಣ್ಣಿಗೆ ಸಂಬಂಧಿಸಿದ್ದು. ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೇವನ್‌ಹುಕನು ತಾನೇ ತಿಕ್ಕಿ ಮಾಡಿದ ಮಸೂರಗಳಿಂದ ೧೬೮೨ರಲ್ಲಿ ಪೇಶಿಯ ನೂಲುಗಳನ್ನು ನೋಡಿ, ಅವುಗಳ ಮೇಲೆ ಅಡ್ಡಗೆರೆಗಳಿರುವದನ್ನು ಕಂಡನು. ೧೭೯೧ರಲ್ಲಿ ಬೊಲೋನ್ಯಾದ ಗಾಲ್ವಾನಿಯು ಕಪ್ಪೆಯ ಕಾಲು ವಿದ್ಯುತ್ತಿನಿಂದ ಸೆಟೆಯುವದನ್ನು ಪ್ರಕಟಿಸಿದಾಗ, ನರದಲ್ಲಿ ಹರಿಯುವದು ಗಾಳಿಯಲ್ಲ, ವಿದ್ಯುತ್ತಿನ ಸಂಬಂಧಿಯೆಂಬದು ತಿಳಿಯತೊಡಗಿತು. ೧೮೪೦ರಲ್ಲಿ ಇಂಗ್ಲಂಡದ ಬೋಮನ್ನನು ಅಡ್ಡಗೆರೆಗಳನ್ನು ವಿಸ್ತಾರವಾಗಿ ವರ್ಣಿಸಿದನು. ೧೮೬೪ರಲ್ಲಿ ಜರ್ಮನಿಯ ಕ್ಯೂನೆಯು ಪೇಶಿಯಿಂದ ಒಂದು ಸಾರವಸ್ತುವನ್ನು ಬೇರ್ಪಡಿಸಿ ಅದಕ್ಕೆ 'ಮಯೋಸಿನ್' ಎಂದು ಹೆಸರಿಟ್ಟನು.

ಇತ್ತ ಭಾರತದಲ್ಲಿಯೂ ಮುಚ್ಚಿದ ಕಣ್ಣು ತೆರೆಯುವ ಸಮಯವು ಬಂದಿದ್ದಿತು. ಕಲಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಕಲಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತರು ೧೮೩೫–೩೬ರಲ್ಲಿ ಸುಶ್ರುತಸಂಹಿತೆಯನ್ನು ಸಂಪಾದಿಸಿ ಅಚ್ಚು ಮಾಡಿಸಿದರು. ಅದೇ ೧೮೩೬ರಲ್ಲಿ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಸಮಾಜದ ನಿಂದೆಗೆ ಅಂಜದೆ ಮಾನವಶವವನ್ನು ತಮ್ಮ ಕೈಯಿಂದಲೇ ವಿಚ್ಛೇದಿಸಿ ಶಿಷ್ಯರಿಗೆ ಮೇಲ್ಪಂಕ್ತಿಯಾದರು. ಗ್ರಂಥವನ್ನು ಸಂಪಾದಿಸಿದ ಕೈಯೇ ಶಸ್ತ್ರವನ್ನೂ ಹಿಡಿಯಿತು. ಇದು ಸುಶ್ರುತನ ಮಾತಿಗೆ ಸಂದ ನಿಜವಾದ ಗೌರವವೆಂದು ಹೇಳಬೇಕು.

ಎರಡನೆಯ ಮರವೆಯು ಯುರೋಪದ ಪ್ರಯೋಗಶಾಲೆಗಳಲ್ಲಿಯೇ ನಡೆಯಿತು. ಪೇಶಿಯ ನೂಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಳಕಲ್ಲಿನ ಸೀರೆಯ ಪಟ್ಟಿಗಳಂತೆ ಒಂದು ಕಪ್ಪು, ಒಂದು ಬಿಳಿ, ಮತ್ತೊಂದು ಕಪ್ಪು, ಮತ್ತೊಂದು ಬಿಳಿ ಎಂದು ಪಟ್ಟಿಗಳು ಕಾಣುವವು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಕ್ರೌಸೆ ಮುಂತಾದ ಸೂಕ್ಷ್ಮದರ್ಶಕರು, ಪೇಶಿಯು ಮುದುಡುವಾಗ ಬಿಳಿಯ ಪಟ್ಟಿಗಳು ಕಿರಿದಾಗುವವು, ಕಪ್ಪು ಪಟ್ಟಿಗಳ ಅಗಲವು ಮಾತ್ರ ಬದಲಾಗುವದಿಲ್ಲ ಎಂಬದನ್ನು ಕಂಡು ಬರೆದಿಟ್ಟಿದ್ದರು. ಇದೇ ಎಲ್ಲ ರಹಸ್ಯದ ಬೀಗದ ಕೈ. ಆದರೆ ೨೦ನೆಯ ಶತಮಾನದ ಆರಂಭಕ್ಕೆ ವಿದ್ವಾಂಸರ ದೃಷ್ಟಿಯು ರಸಾಯನಶಾಸ್ತ್ರದ ಕಡೆಗೆ ಹೊರಳಿತು. ಪೇಶಿಯೊಳಗಿನ ದೀರ್ಘವಾದ ಅಣುಗಳು ಸುರುಳಿಯಂತೆ ತಾವೇ ಮಡಚಿಕೊಳ್ಳುವವೆಂಬ ಊಹೆಯು ಎಲ್ಲರಿಗೂ ಒಪ್ಪಿಗೆಯಾಯಿತು. ಹಳೆಯ ಸೂಕ್ಷ್ಮದರ್ಶಕರ ಪಟ್ಟಿಗಳ ವಿಚಾರವು ಪುಸ್ತಕಭಾಂಡಾರಗಳ ಧೂಳಿನಲ್ಲಿ ಮರೆಯಾಯಿತು.

ರಸಾಯನದ ದಾರಿಯಲ್ಲಿಯೂ ಏಳುಬೀಳುಗಳಿದ್ದವು. ೧೯೦೭ರಲ್ಲಿ ಕೇಂಬ್ರಿಜ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಎಂಬವರು, ದಣಿದ ಪೇಶಿಯಲ್ಲಿ ಲ್ಯಾಕ್ಟಿಕ್ ಆಮ್ಲವು ಸೇರುವದನ್ನು ನಿರ್ಣಯಿಸಿದರು. ಪೇಶಿಯ ಉಷ್ಣವನ್ನು ಅತಿ ಸೂಕ್ಷ್ಮವಾಗಿ ಅಳೆದ ಇಂಗ್ಲಂಡದ ಎ. ವಿ. ಹಿಲ್ ಮತ್ತು ಈ ಆಮ್ಲದ ಲೆಕ್ಕವನ್ನು ಬಿಡಿಸಿದ ಜರ್ಮನಿಯ ಮೇಯರ್‌ಹೋಫ್, ಇವರಿಗೆ ೧೯೨೨ರ ನೊಬೆಲ್ ಪಾರಿತೋಷಕವು ದೊರೆಯಿತು. ಈ ಆಮ್ಲವೇ ಪೇಶಿಯನ್ನು ಮುದುಡಿಸುವದೆಂದು ಲೋಕವೆಲ್ಲ ನಂಬಿತು. ೧೯೩೦ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ ಎಂಬ ತರುಣನು ಬೇರೊಂದು ವಿಷಯವನ್ನು ಶೋಧಿಸುತ್ತ, ಒಂದು ವಿಷಪದಾರ್ಥವನ್ನು ಕೊಟ್ಟ ಪ್ರಾಣಿಯ ಪೇಶಿಯು ಆ ಆಮ್ಲವನ್ನು ಲೇಶವೂ ಹುಟ್ಟಿಸದೆ ಹಲವು ಸಾರೆ ಮುದುಡುವದನ್ನು ಕಂಡನು. ಪಾರಿತೋಷಕವನ್ನು ಪಡೆದ ಸಿದ್ಧಾಂತವು ಒಂದು ಪ್ರಯೋಗದಿಂದ ಬಿದ್ದಿತು. ಆಗ ಹಿಲ್ಲರು ಮುನಿಯಲಿಲ್ಲ, ವಾದಕ್ಕೆ ನಿಲ್ಲಲಿಲ್ಲ. ೧೯೩೨ರಲ್ಲಿ ಪೇಶೀಶಾಸ್ತ್ರದ ಕ್ರಾಂತಿಯೆಂಬ ಅರ್ಥದ ಹೆಸರಿನಿಂದಲೇ ಲೇಖನವನ್ನು ಬರೆದು ಹೊಸ ವಿಚಾರವನ್ನು ಎದುರುಗೊಂಡರು. ವಿದ್ಯೆಗೆ ವಿನಯವು ಭೂಷಣವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ವಿರಳ.

ಹಾಗಾದರೆ ಪೇಶಿಗೆ ಒದಗುವ ಶಕ್ತಿಯು ಯಾವದು? ಇಲ್ಲಿ ಕನ್ನಡಿಗರ ನೆರೆಯ ಆಂಧ್ರದ ಸುಪುತ್ರರೊಬ್ಬರ ಹೆಸರು ಬರುವದು. ೧೮೯೫ರಲ್ಲಿ ಭೀಮವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವನ್ನು ಕಲಿತು, ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾಯರು, ಫಿಸ್ಕೆ ಎಂಬ ಪ್ರಾಧ್ಯಾಪಕರೊಡನೆ ೧೯೨೭ರಲ್ಲಿ ಪೇಶಿಯೊಳಗಿನ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನೂ, ೧೯೨೯ರಲ್ಲಿ ಅಡಿನೋಸಿನ್ ಟ್ರೈಫಾಸ್ಫೇಟ್, ಎಂದರೆ ಎ. ಟಿ. ಪಿ. ಎಂಬ ವಸ್ತುವನ್ನೂ ಕಂಡುಹಿಡಿದರು. ಫಾಸ್ಫೋಕ್ರಿಯಾಟಿನ್ನನ್ನು ಲಂಡನ್ನಿನ ಎಗಲ್ಟನ್ ದಂಪತಿಗಳೂ, ಎ. ಟಿ. ಪಿ.ಯನ್ನು ಜರ್ಮನಿಯ ಲೋಮನ್ನರೂ ಅದೇ ಕಾಲಕ್ಕೆ ಸ್ವತಂತ್ರವಾಗಿ ಕಂಡಿದ್ದರು. ಎ. ಟಿ. ಪಿ.ಯು ಪೇಶಿಯ ಕೈಯಲ್ಲಿರುವ ನಗದು ಹಣ, ಫಾಸ್ಫೋಕ್ರಿಯಾಟಿನ್ ಅದರ ಪಕ್ಕದ ಗಲ್ಲಾಪೆಟ್ಟಿಗೆ. ಉಂಡ ಅನ್ನವು ದೂರದ ಕಣಜ. ಇಷ್ಟು ದೊಡ್ಡ ಶೋಧಕ್ಕೆ ಪಾಲುದಾರರಾದ ಸುಬ್ಬರಾಯರು ಹಾರ್ವರ್ಡಿನಲ್ಲಿ ಕಾಯಂ ಹುದ್ದೆಯನ್ನು ಕಾಣದೆ, ಒಂದು ಔಷಧಿಯ ಕಾರಖಾನೆಯ ಪ್ರಯೋಗಶಾಲೆಯಲ್ಲಿ ದುಡಿದು ೧೯೪೮ರಲ್ಲಿ ಪರದೇಶದಲ್ಲಿಯೇ ದೇಹವಿಟ್ಟರು. ಅವರ ಹೆಸರನ್ನು ಬಲ್ಲವರು ಸ್ವದೇಶದಲ್ಲಿಯೂ ಇಂದಿಗೂ ಕಡಿಮೆಯೇ.

೧೯೩೯ರಲ್ಲಿ ಮಾಸ್ಕೋದ ಎಂಗೆಲ್‌ಹಾರ್ಟ್ ಮತ್ತು ಲ್ಯೂಬಿಮೋವಾ ಎಂಬವರು, ಎ. ಟಿ. ಪಿ.ಯನ್ನು ಒಡೆಯುವ ಗುಣವು ಮಯೋಸಿನ್ನಿನಲ್ಲಿಯೇ ಇದೆಯೆಂದು ತೋರಿಸಿದರು. ಶಕ್ತಿಯನ್ನು ವ್ಯಯಿಸುವ ಕೈಯೂ ದುಡಿಯುವ ಕೈಯೂ ಒಂದೇ ಎಂದಂತಾಯಿತು. ಅಷ್ಟರಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಯುದ್ಧದ ನಡುವೆಯೇ ಹಂಗೇರಿಯ ಸೆಗೆಡ್ ಪಟ್ಟಣದಲ್ಲಿ ಸೆಂಟ್ ಜ್ಯೋರ್ಜಿಯವರೂ ಅವರ ಸಂಗಡಿಗರೂ ಪೇಶಿಯ ಸಾರದಿಂದ ದಾರದಂಥ ಎಳೆಗಳನ್ನು ಮಾಡಿ, ಅವುಗಳ ಮೇಲೆ ಎ. ಟಿ. ಪಿ.ಯನ್ನು ಹಾಕಿದರು. ಜೀವವಿಲ್ಲದ ಆ ಎಳೆಗಳು ಗಾಜಿನ ಮೇಲೆ ಮುದುಡಿದವು. ೧೯೪೨ರಲ್ಲಿ ಅವರ ಶಿಷ್ಯ ಸ್ಟ್ರೌಬರು ಮಯೋಸಿನ್ನಿನ ಜೊತೆಗಾರನಾದ 'ಆಕ್ಟಿನ್' ಎಂಬ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಯಂತ್ರದ ಎರಡು ಭಾಗಗಳೂ ಅದರ ಇಂಧನವೂ ಈಗ ಕೈಗೆ ಬಂದವು. ಯಂತ್ರವು ಹೇಗೆ ಓಡುವದೆಂಬದು ಮಾತ್ರ ಉಳಿಯಿತು.

ಅದು ಬಯಲಾದದ್ದು ೧೯೫೪ರ ಮೇ ೨೨ರಂದು. ಆ ದಿನದ 'ನೇಚರ್' ಎಂಬ ಆಂಗ್ಲ ಪತ್ರಿಕೆಯಲ್ಲಿ ಎರಡು ಲೇಖನಗಳು ಒಟ್ಟಿಗೆ ಪ್ರಕಟವಾದವು. ಇಂಗ್ಲಂಡದ ಕೇಂಬ್ರಿಜ್ಜಿನ ಆಂಡ್ರ್ಯೂ ಹಕ್ಸ್ಲಿ ಮತ್ತು ನೀಡರ್ಗೆರ್ಕೆ ಇವರು ಕಪ್ಪೆಯ ಸಜೀವವಾದ ಪೇಶೀತಂತುವನ್ನು ನೋಡಿ ಬರೆದದ್ದು ಒಂದು. ಅಮೇರಿಕೆಯ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್ಜಿನಲ್ಲಿ ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ವಿದುಷಿ ಇವರು ಮೊಲದ ಪೇಶಿಯನ್ನು ನೋಡಿ ಬರೆದದ್ದು ಇನ್ನೊಂದು. ಊರುಗಳ ಹೆಸರು ಒಂದೇ, ಶೋಧಕರ ಅಡ್ಡಹೆಸರೂ ಒಂದೇ. ಆದರೆ ಇಬ್ಬರು ಹಕ್ಸ್ಲಿಗಳಿಗೆ ರಕ್ತಸಂಬಂಧವಿಲ್ಲ. ಎರಡೂ ಕಡೆಯಲ್ಲಿ ಕಂಡದ್ದು ಒಂದೇ ಸಂಗತಿ: ಮುದುಡುವಾಗ ಕಪ್ಪು ಪಟ್ಟಿಯ ಅಗಲವು ಬದಲಾಗುವದಿಲ್ಲ. ಎಂಬತ್ತು ವರುಷಗಳ ಹಿಂದೆ ಬರೆದಿಟ್ಟು ಮರೆತ ಮಾತು ಹೀಗೆ ಮರಳಿ ಬಂದಿತು. ಆಂಡ್ರ್ಯೂ ಹಕ್ಸ್ಲಿಯವರು ಮುಂದೆ ಹಳೆಯ ಜರ್ಮನ್ ಗ್ರಂಥಗಳನ್ನು ತಾವೇ ಓದಿ, ಕ್ರೌಸೆ ಮೊದಲಾದವರಿಗೆ ಸಲ್ಲತಕ್ಕ ಮಾನವನ್ನು ಬಹಿರಂಗವಾಗಿ ಸಲ್ಲಿಸಿದರು.

ಕಪ್ಪು ಪಟ್ಟಿಯು ಬದಲಾಗದಿದ್ದುದರ ಅರ್ಥವೇನು? ಪೇಶಿಯೊಳಗೆ ಯಾವ ಎಳೆಯೂ ಗಿಡ್ಡಾಗುವದಿಲ್ಲ. ಅಲ್ಲಿ ಮಯೋಸಿನ್ನಿನ ದಪ್ಪ ಎಳೆಗಳೂ ಆಕ್ಟಿನ್ನಿನ ತೆಳು ಎಳೆಗಳೂ ಇವೆ. ಎರಡು ಕೈಗಳ ಬೆರಳುಗಳನ್ನು ಒಂದರ ಸಂದಿನಲ್ಲಿ ಇನ್ನೊಂದನ್ನು ಇಟ್ಟು ಒಳಕ್ಕೆ ಸರಿಸಿದಂತೆ, ಒಂದು ಬಗೆಯ ಎಳೆಗಳು ಇನ್ನೊಂದು ಬಗೆಯ ಎಳೆಗಳ ನಡುವೆ ಜಾರುವವು. ಬೆರಳುಗಳ ಉದ್ದವು ಹಾಗೆಯೇ ಇದ್ದರೂ ಎರಡು ಮೊಣಕೈಗಳು ಹತ್ತಿರ ಬರುವವಷ್ಟೆ. ದಪ್ಪ ಎಳೆಯಿಂದ ನೂರಾರು ಸಣ್ಣ ತ‌ಲೆಗಳು ಹೊರಚಾಚಿರುತ್ತವೆ. ಬಾವಿಯಿಂದ ನೀರು ಸೇದುವವರು ಕೈಯ ಮೇಲೆ ಕೈಯನ್ನು ಬದಲಿಸುತ್ತ ಹಗ್ಗವನ್ನು ಜಗ್ಗುವಂತೆ, ಈ ತಲೆಗಳು ತೆಳು ಎಳೆಯನ್ನು ಹಿಡಿದು ಜಗ್ಗಿ, ಬಿಟ್ಟು, ಮುಂದೆ ಮತ್ತೆ ಹಿಡಿಯುವವು. ಹಗ್ಗವೂ ಗಿಡ್ಡಾಗುವದಿಲ್ಲ, ಕೈಯೂ ಗಿಡ್ಡಾಗುವದಿಲ್ಲ. ಕೊಡವು ಮೇಲೆ ಬರುವದು. ಒಂದು ಜಗ್ಗಿಗೆ ಎಳೆಯು ಸರಿಯುವದು ಒಂದು ಮಿಲಿಮೀಟರಿನ ಲಕ್ಷದ ಒಂದು ಪಾಲಿನಷ್ಟು ಮಾತ್ರ. ಆದರೆ ಪಟ್ಟಿಯಿಂದ ಪಟ್ಟಿಗೆ ಹೋಗುವ ಒಂದು ಮನೆಯ ಉದ್ದವು ಮಿಲಿಮೀಟರಿನ ನಾನೂರನೆಯ ಒಂದು ಪಾಲು. ಒಂದು ಸೆಂಟಿಮೀಟರ್ ನೂಲಿನಲ್ಲಿ ಇಂಥ ನಾಲ್ಕು ಸಾವಿರ ಮನೆಗಳು ಸಾಲಾಗಿವೆ. ಸಾಲಾಗಿರುವ ಮನೆಗಳಿಂದ ಸರಿತವು ಕೂಡುತ್ತ ಹೋಗುವದು, ಪಕ್ಕಪಕ್ಕದ ಎಳೆಗಳಿಂದ ಬಲವು ಕೂಡುತ್ತ ಹೋಗುವದು. ಆದುದರಿಂದ ಪೇಶಿಯ ಉದ್ದವು ವೇಗಕ್ಕೆ ಕಾರಣ, ದಪ್ಪವು ಬಲಕ್ಕೆ ಕಾರಣ. ಒಂದು ಚದರ ಸೆಂಟಿಮೀಟರ್ ದಪ್ಪದ ಪೇಶಿಯು ಎರಡು ಮೂರು ಕಿಲೋ ಭಾರವನ್ನು ಜಗ್ಗಬಲ್ಲದು.

ಈ ಹಿಡಿತವನ್ನು ಆರಂಭಿಸುವ ಅಪ್ಪಣೆಯು ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮಿನಿಂದ ಬರುವದು. ನರದ ಆಜ್ಞೆಯಾದ ಕೂಡಲೆ ಅದು ಪೇಶೀತಂತುವಿನೊಳಗಿನ ಚೀಲಗಳಿಂದ ಹೊರಬಿದ್ದು, ತೆಳು ಎಳೆಯ ಮೇಲಿನ ತಡೆಯನ್ನು ಸರಿಸುವದು. ಜಪಾನದ ಎಬಾಶಿಯವರು ೧೯೬೦ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಎ. ಟಿ. ಪಿ.ಯ ಕೆಲಸವು ಇನ್ನೂ ವಿಚಿತ್ರವಾದದ್ದು. ಹಿಡಿದ ತಲೆಯು ಎಳೆಯನ್ನು ಬಿಡಬೇಕಾದರೆ ಹೊಸ ಎ. ಟಿ. ಪಿ.ಯು ಬಂದು ಸೇರಬೇಕು. ಪ್ರಾಣವು ಹೋದ ಕೆಲವು ತಾಸುಗಳಲ್ಲಿ ದೇಹವು ಮರದಂತೆ ಸೆಟೆಯುವದನ್ನು ಪ್ರತಿಯೊಂದು ಮನೆಯವರೂ ಒಂದಿಲ್ಲೊಂದು ದಿನ ಕಂಡಿರುವರು. ಆಗ ಎ. ಟಿ. ಪಿ.ಯು ಮುಗಿದುಹೋಗಿ ಹಿಡಿದ ತಲೆಗಳು ಹಿಡಿದಲ್ಲಿಯೇ ನಿಂತಿರುತ್ತವೆ. ಹಿಡಿಯುವದಕ್ಕಷ್ಟೇ ಅಲ್ಲ, ಬಿಡುವದಕ್ಕೂ ಜೀವಶಕ್ತಿಯು ಬೇಕೆಂಬದನ್ನು ಮೃತ್ಯುವೇ ತಿಳಿಸುತ್ತಿರುವದು.

ಬಲದಿಂದ ಕೆಲಸವು ಹೇಗೆ ಸಾಗುವದೆಂಬ ಲೆಕ್ಕವನ್ನು ಎ. ವಿ. ಹಿಲ್ಲರೇ ೧೯೩೮ರಲ್ಲಿ ಕೊಟ್ಟಿದ್ದರು. ಭಾರವು ಹೆಚ್ಚಿದಂತೆ ಪೇಶಿಯ ವೇಗವು ಒಂದು ನಿಯಮದಿಂದ ಕಡಿಮೆಯಾಗುವದು. ಖಾಲಿ ಬಂಡಿಯನ್ನೆಳೆಯುವ ಎತ್ತು ಓಡುವದು, ಎರೆಯಲ್ಲಿ ನೇಗಿಲನ್ನೆಳೆಯುವ ಎತ್ತು ಹೆಜ್ಜೆಹೆಜ್ಜೆಗೆ ನಡೆಯುವದು. ಅತಿ ಹಗುರಾದಾಗಲೂ ಅತಿ ಭಾರವಾದಾಗಲೂ ಕೆಲಸದ ಮೊತ್ತವು ಕಡಿಮೆ. ಪೇಶಿಯ ಪರಮವೇಗದ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಅದು ಹೆಚ್ಚು. ಎತ್ತನ್ನು ಅತಿಯಾಗಿ ಅವಸರಪಡಿಸಬಾರದು, ಅತಿಯಾಗಿ ಹೇರಬಾರದು ಎಂಬ ಹಳೆಯ ಒಕ್ಕಲಿಗರ ವಿವೇಕಕ್ಕೆ ಇದೇ ಶಾಸ್ತ್ರ. ಎಳೆಗಳು ಬೇಗ ಸರಿಯುತ್ತಿರುವಾಗ ತಲೆಗಳಿಗೆ ಹಿಡಿಯಲು ಅವಕಾಶವು ಸಾಲದೆಂಬ ಕಾರಣವನ್ನು ೧೯೫೭ರಲ್ಲಿ ಆಂಡ್ರ್ಯೂ ಹಕ್ಸ್ಲಿಯವರು ಕೊಟ್ಟರು. ೧೯೬೬ರಲ್ಲಿ ಅವರೂ ಅವರ ಸಂಗಡಿಗರೂ ಎರಡು ಬಗೆಯ ಎಳೆಗಳು ಒಂದರ ಮೇಲೊಂದು ಎಷ್ಟು ಹೊಂದಿರುವವೋ ಬಲವೂ ಅಷ್ಟೇ ಎಂಬದನ್ನು ಅಳೆದು ತೋರಿಸಿದರು. ಹೀಗೆ ವ್ಯಯವಾಗುವ ಶಕ್ತಿಯಲ್ಲಿ ಹೊರಗಿನ ಕೆಲಸವಾಗಿ ಬರುವದು ಸುಮಾರು ನಾಲ್ಕನೆಯ ಒಂದು ಪಾಲು, ಮಿಕ್ಕದ್ದೆಲ್ಲ ಉಷ್ಣ. ದುಡಿಯುವವನ ಬೆವರು ಆ ಲೆಕ್ಕದ ಬಾಕಿಯೇ ಆಗಿದೆ.

ಸೋಮೇಶ್ವರನ ಮಲ್ಲರ ಕಡೆಗೆ ಈಗ ಮತ್ತೊಮ್ಮೆ ತಿರುಗಿ ನೋಡಬಹುದು. ಭಾರಶ್ರಮದಿಂದ ಪೇಶೀತಂತುಗಳ ಸಂಖ್ಯೆಯು ಹೆಚ್ಚುವದಕ್ಕಿಂತ, ಒಂದೊಂದು ತಂತುವಿನೊಳಗೆ ಹೊಸ ಎಳೆಗಳು ಸೇರಿ ಅದು ದಪ್ಪವಾಗುವದೇ ಮುಖ್ಯವೆಂದು ಇಂದಿನವರು ಹೇಳುವರು. ಆ ಎಳೆಗಳ ಕಚ್ಚಾಮಾಲು ಆಹಾರದ ಸಾರಜನಕಾಂಶ. ಕಲ್ಯಾಣದ ಅರಮನೆಯಿಂದ ಮಲ್ಲರಿಗೆ ಸಲ್ಲುತ್ತಿದ್ದ ಬೇಳೆಕಾಳು, ಹಾಲು, ಮಾಂಸಗಳಲ್ಲಿ ಅದು ತುಂಬಿದ್ದಿತು. ಈ ಸೀಮೆಯ ತೊಗರಿಯ ಬೇಳೆಯಲ್ಲಿಯೂ ಅದಿದೆ. ಗರಡಿಯವರ ಅನುಭವವು ಸುಳ್ಳಾಗಲಿಲ್ಲ. ಅದಕ್ಕೆ ಕಾರಣವು ತಡವಾಗಿ ದೊರೆಯಿತು, ಅಷ್ಟೇ.

ತಡವೇಕಾಯಿತೆಂಬದೇ ಈ ಇತಿಹಾಸದಿಂದ ಕಲಿಯಬೇಕಾದ ಪಾಠ. ಸುಶ್ರುತನ ಕುಂಚವು ಕೈಬಿಟ್ಟಾಗ ಇಲ್ಲಿ ಗ್ರಂಥವು ಉಳಿಯಿತು, ನೋಟವು ಅಳಿಯಿತು. ಕ್ರೌಸೆಯ ಪಟ್ಟಿಗಳನ್ನು ಮರೆತಾಗ ಅಲ್ಲಿ ನೋಟವು ಉಳಿಯಿತು, ಗ್ರಂಥವು ಅಳಿಯಿತು. ಎರಡರ ಫಲವೂ ಒಂದೇ. ಕಂಡದ್ದನ್ನು ಓದಿದ್ದರೊಡನೆಯೂ, ಓದಿದ್ದನ್ನು ಕಂಡದ್ದರೊಡನೆಯೂ ಹೊಂದಿಸಿ ನೋಡಬೇಕೆಂದು ಸುಶ್ರುತನು ಹೇಳಿದ ಮಾತು ಪಂಡಿತರ ಮನೆಗೂ ಪ್ರಯೋಗಶಾಲೆಗೂ ಸಮಾನವಾಗಿ ಸಲ್ಲುವದು. ಮುಂದಿನ ಜಾತ್ರೆಯಲ್ಲಿ ತರುಣನೊಬ್ಬನು ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸುವಾಗ ಮನೆಯ ಮಗುವು, ಆ ತೋಳು ಏಕೆ ಉಬ್ಬಿತೆಂದು ಕೇಳಿದರೆ, ಗಾಳಿ ತುಂಬಿತೆಂದು ಹೇಳಿ ಸುಮ್ಮನಾಗಿಸಬಾರದು. ಬಾವಿಯ ಬಳಿಗೆ ಕರೆದೊಯ್ದು, ಹಗ್ಗವನ್ನು ಅದರ ಕೈಗೆ ಕೊಟ್ಟು, ಕೊಡವು ಮೇಲೆ ಬರುವದನ್ನು ಅದರ ಕಣ್ಣಿಗೇ ಕಾಣಿಸಬೇಕು.